ಬೆಟ್ಟ ಹತ್ತಿದ ಮಡಿಲಕ್ಕಿ

ಕೇಳಿ ಮಕ್ಕಳೇ. ಕಡಲ ತಳದ ಒಂದು ರಾಜ್ಯದಲ್ಲಿ, ಮುಳುಗಿದ ಬೆಟ್ಟವೊಂದರ ಬುಡದಲ್ಲಿ, ಮಂಕಾಳಿ ಎಂಬ ಚಪ್ಪಟೆ ಮೈಯ ತೊರಕೆ ಮೀನು ಇದ್ದಳು. ಒಬ್ಬಳೇ ಮಗಳನ್ನು ಮೇಲಿನ ಬೆಳಕಿನ ನೀರಿಗೆ ಮದುವೆ ಮಾಡಿಕೊಟ್ಟಿದ್ದಳು. ಬೆಳಕಿಗೆ ಒಗ್ಗಿದ ಮೈ ಮತ್ತೆ ಆಳಕ್ಕೆ ಇಳಿಯದು. ಆಳದ ಮೈ ಬೆಳಕನ್ನು ತಾಳದು. ಆದ್ದರಿಂದ ತಾಯಿ ದಿನವೂ ತಳದ ಸಾರವುಳ್ಳ ಕೆಸರನ್ನು ರೆಕ್ಕೆಯಿಂದ ಕದಡಿ, ಮಗಳಿಗೆ ಮಡಿಲಕ್ಕಿಯೆಂದು ಹರಿವಿಗೆ ಒಪ್ಪಿಸುತ್ತಿದ್ದಳು. ಹರಿವು ಬೆಟ್ಟಕ್ಕೆ ಎಡವುತ್ತಿತ್ತು, ಸುಳಿಯಾಗಿ ತಿರುಗುತ್ತಿತ್ತು, ಕೆಳಗಿನದನ್ನು ಮೇಲಕ್ಕೂ ಮೇಲಿನದನ್ನು ಕೆಳಕ್ಕೂ ಬೆರೆಸುತ್ತಿತ್ತು. ಮಗಳೀಗ ಚೊಚ್ಚಲ ಬಸುರಿ.

ಬೆಟ್ಟದ ತುದಿಯಲ್ಲಿ ಶಾರ್ಕ್ ರಾಜನ ಸಿಂಹಾಸನ. ಸುಳಿ ಎದ್ದಾಗಲೆಲ್ಲ ಅದು ಅಲುಗಾಡುತ್ತಿತ್ತು. ರಾಜ ಹರಿವಿಗೆ ಅಪ್ಪಣೆ ಮಾಡಿದ: "ಬೆಟ್ಟ ಹತ್ತಬೇಡ, ಬಳಸಿ ಹೋಗು. ಮೇಲಿನ ನೀರು ಮೇಲೆ, ಕೆಳಗಿನ ನೀರು ಕೆಳಗೆ. ಬೆರಕೆ ಸಲ್ಲದು."

ಕಡಲು ಸ್ತಬ್ಧವಾಯಿತು. ಆಸ್ಥಾನದವರು "ಎಂಥ ಶಾಂತಿ!" ಎಂದು ಹೊಗಳಿದರು.

ಮಂಕಾಳಿ ಕೆಸರು ಕದಡಿದಳು. ಅದು ಅವಳ ಬೆನ್ನ ಮೇಲೆಯೇ ಬಿತ್ತು.

"ಒಂದು ಹಿಡಿಯಾದರೂ ಒಯ್ಯಪ್ಪಾ, ಹುಡುಗಿ ಬಸುರಿ."

"ಅರಸನ ಅಪ್ಪಣೆ, ಅವ್ವಾ. ನಾನೇನು ಮಾಡಲಿ?" ಎಂದು ಹರಿವು ಬಳಸಿ ಹೋಯಿತು.

ಮೇಲಿನ ನೀರಿಗೆ ಸಾರ ತಲುಪಲಿಲ್ಲ. ಮೊದಲು ಪಾಚಿ ಬತ್ತಿತು. ಪಾಚಿ ತಿನ್ನುವ ಸಿಗಡಿ ಸತ್ತಿತು. ಸಿಗಡಿ ತಿನ್ನುವ ಬಂಗುಡೆ ವಲಸೆ ಹೋಯಿತು. ಬಂಗುಡೆ ತಿನ್ನುವ ರಾಜನ ಹೊಟ್ಟೆ ಬೆನ್ನಿಗೆ ಹತ್ತಿತು. ಅವನು ಕೆಳಗಿಳಿದು ಬಂದ.

"ಏನೇ ತೊರಕೆ, ನಿನ್ನ ತಳದಲ್ಲಿ ತಿನ್ನಲು ಏನುಂಟು?"

"ಬೇಕಾದಷ್ಟುಂಟು, ಮಹಾಪ್ರಭು. ಆದರೆ ಕೆಳಗಿನದು ಕೆಳಗೇ ಇರಬೇಕಲ್ಲ? ಅರಸರೇ ಬೆರಕೆಯಾದರೆ ಆಸ್ಥಾನ ಏನೆಂದೀತು?"

"ಬಾಯಿ ಮುಚ್ಚು! ನಿನ್ನನ್ನೇ ನುಂಗುತ್ತೇನೆ."

"ನುಂಗಿ. ಒಂದು ಹೊತ್ತಿಗಾದೀತು. ನಾಳೆಗೆ ಯಾರು? ಹರಿವು ಬೆಟ್ಟ ಹತ್ತಿದರೆ ನಿಮ್ಮ ಬಂಗುಡೆ ಮರಳೀತು. ಅಪ್ಪಣೆಯನ್ನು ನೀವೇ ಹಿಂಪಡೆಯಬೇಕು, ತುದಿಯಲ್ಲಿ ನಿಂತು, ಎಲ್ಲರೂ ಕೇಳುವಂತೆ."

ಹಸಿವು ರಾಜನನ್ನು ತುದಿಗೆ ಹತ್ತಿಸಿತು, ಹಸಿವೇ ಕೂಗಿಸಿತು. ಅಷ್ಟು ಕಾಲ ತನ್ನನ್ನು ಬಿಗಿಹಿಡಿದುಕೊಂಡಿದ್ದ ಹರಿವು ಒಮ್ಮೆಗೇ ಬೆಟ್ಟಕ್ಕೆ ನುಗ್ಗಿತು. ಸಿಂಹಾಸನ ಉರುಳಿತು. ಅದರ ಹಿಂದೆಯೇ ರಾಜ, ಬಾಲ ಮೇಲಾಗಿ, ಗಡಿಯಾಚೆಗೆ ಕೊಚ್ಚಿಹೋದ. ತುದಿಯಲ್ಲಿ ನಿಂತವನಿಗೆ ಹೀಗಾಗುವುದೆಂದು ಮಂಕಾಳಿಗೆ ಮೊದಲೇ ತಿಳಿದಿತ್ತು.

ಕೆಸರು ಮೇಲೇರಿತು. ತಾಯಿ ಕಾದಳು. ಕಡೆಗೊಮ್ಮೆ ಮೇಲಿನಿಂದ ಒಂದೆಳೆ ಬೆಚ್ಚನೆ ನೀರು ಇಳಿದು ಅವಳ ಮೈಗೆ ತಾಗಿತು. ಅದರಲ್ಲಿ ಮಗಳ ವಾಸನೆಯಿತ್ತು. ಜೊತೆಗೆ ಹಿಂದೆಂದೂ ಇರದ ಇನ್ನೊಂದು ಪುಟ್ಟ ವಾಸನೆ. ಆ ಮರಿಯ ಮುಖವನ್ನು ಅವಳು ಎಂದಿಗೂ ಕಾಣಲಾರಳು. ನೀರು ತಣ್ಣಗಾಗುವವರೆಗೂ ಅಲುಗಾಡದೆ ಮಲಗಿದ್ದಳು.

ಕಥೆ ಹೇಳುವ ನೀತಿ ಇಷ್ಟು, ಮಕ್ಕಳೇ: ಬೆರೆಯುವುದನ್ನು ತಡೆದವನು ಮೊದಲು ಬಡವರ ಮಡಿಲನ್ನು ಬರಿದು ಮಾಡುತ್ತಾನೆ, ಆಮೇಲೆ ತನ್ನ ತಟ್ಟೆಯನ್ನು.