ನೀರೆರೆದಕ್ಕನ ಬಂಡೆ

ಗುಂಡಿನಹಳ್ಳಿಯ ಬಡಗಣಕ್ಕೆ, ಹುಲ್ಲು ಕೂಡ ಬೇರೂರದ ಒಂದು ಬೋಳು ಬಂಡೆಯಿದೆ. ಬೇಸಿಗೆಯಲ್ಲಿ ಅದರ ಬಿರುಕುಗಳೊಳಗೆ ಮುದುಡಿದ, ಕಂದುಬಣ್ಣದ ಜರಿಗಿಡಗಳಷ್ಟೇ ಕಾಣುತ್ತವೆ. ಮುಟ್ಟಿದರೆ ಪುಡಿಯಾಗುವಷ್ಟು ಒಣಗಿರುತ್ತವೆ. ತಿಳಿಯದವರು ಕಸವೆಂದು ತುಳಿದು ಮುಂದೆ ಹೋಗುತ್ತಾರೆ. ಊರವರು ಮಾತ್ರ ಅಲ್ಲಿ ಕಾಲಿಡುವ ಮುನ್ನ ಚಪ್ಪಲಿ ಬಿಡುತ್ತಾರೆ.

ಹಿಂದೆ ಒಮ್ಮೆ ಈ ಊರಿನಲ್ಲಿ ತಿಪ್ಪಕ್ಕನೆಂಬ ಸೂಲಗಿತ್ತಿ ಇದ್ದಳು ಎನ್ನುತ್ತಾರೆ. ಅವಳ ಕೈಗುಣ ದೊಡ್ಡದು. ನೋವು ಕಾಣಿಸಿಕೊಂಡ ಮನೆಯಿಂದ ಕರೆ ಬಂದರೆ, ಬಂಡೆಯಿಂದ ಒಂದು ಒಣ ಜರಿಯನ್ನು ಬೇರುಸಹಿತ ಕಿತ್ತು ತಂದು, ಬಸುರಿಯ ತಲೆದೆಸೆಯಲ್ಲಿ ಕಂಚಿನ ಬಟ್ಟಲಿನ ನೀರಿಗೆ ಹಾಕುವಳು. "ಇದು ಸತ್ತಿಲ್ಲ ಕಣವ್ವ, ಒಣಗೈತೆ ಅಷ್ಟೆ. ಇದು ಬಿಚ್ಚೋ ಹೊತ್ಗೆ ನೀನೂ ಹಗುರಾಗ್ತೀಯ" ಎನ್ನುವಳು. ಜರಿ ಮೆಲ್ಲಗೆ ಹಸಿರಾಗುವುದನ್ನು ನೋಡುತ್ತಾ ಹೆಂಗಸರು ಧೈರ್ಯ ತಂದುಕೊಳ್ಳುತ್ತಿದ್ದರು. ಅವರಿಗೆಂದು ಆಡಿದ ಸಮಾಧಾನದ ಮಾತು ಅದು. ಹೇಳಿ ಹೇಳಿ ತಿಪ್ಪಕ್ಕ ತಾನೇ ಅದನ್ನು ನಂಬಿಬಿಟ್ಟಿದ್ದಳು. ಅವಳನ್ನು ದೂರಬೇಕೆಂದರೂ ಬಾಯಿ ಬರುವುದಿಲ್ಲ.

ಅವಳ ಒಬ್ಬಳೇ ಮಗಳು ಕೆಂಚವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಬೆಳಗಿನಿಂದ ನೋವು ತಿಂದರೂ ಮಗು ಇಳಿಯಲಿಲ್ಲ. ಅಡ್ಡ ತಿರುಗಿದೆಯೆಂದು ನೆರೆಮನೆಯ ಗೌರಕ್ಕನಿಗೆ ಅನುಮಾನ. "ಹಳ್ಳದಾಚೆ ಮುದುಕಿಗೆ ಹೇಳಿಕಳಿಸಾನ ಕಣಕ್ಕ, ಮಗು ತಿರುಗ್ಸೋದು ಅವಳಿಗೆ ಗೊತ್ತು" ಎಂದಳು. ಬಟ್ಟಲಿನ ಜರಿಯ ಅಂಚು ಆಗಷ್ಟೇ ಸಡಿಲವಾಗುತ್ತಿತ್ತು. "ಬಿಚ್ತಾ ಐತೆ, ತಡಿಯೇ" ಎಂದಳು ತಿಪ್ಪಕ್ಕ. ಸಂಜೆಗೆ ಜರಿ ಪೂರ್ತಿ ಬಿಚ್ಚಿಕೊಂಡಿತು. ತಾಯಿ, ಮಗು ಇಬ್ಬರೂ ಉಳಿಯಲಿಲ್ಲ.

ಮರುದಿನ ಚಟ್ಟ ಹೊತ್ತವರು ದಾರಿಯಲ್ಲಿ ಈ ಬಂಡೆಯ ಮೇಲೆ ಇಳಿಸಿದರು. ಮತ್ತೆ ಎತ್ತಲು ತಿಪ್ಪಕ್ಕ ಬಿಡಲಿಲ್ಲ. ಕೆರೆಯಿಂದ ಕೊಡದ ಮೇಲೆ ಕೊಡ ಹೊತ್ತು ತಂದು ಮಗಳ ಮೇಲೆ ಎರೆದಳು. "ಸತ್ತಿಲ್ಲ ಕಣ್ರಪ್ಪ, ಒಣಗವ್ಳೆ ಅಷ್ಟೆ" ಎಂದಳು. ಯಾರಿಗೂ ತಡೆಯುವ ಮನಸ್ಸಾಗಲಿಲ್ಲ. ಹೊತ್ತು ಇಳಿಯುವ ವೇಳೆಗೆ, ಹರಿದ ನೀರು ಕುಡಿದು ಬಂಡೆಯ ಜರಿಗಳೆಲ್ಲ ಹಸಿರಾಗಿ ನಿಂತವು. ತಿಪ್ಪಕ್ಕ ಸುತ್ತ ನೋಡಿದಳು, ಮಗಳ ಮುಖ ನೋಡಿದಳು, ಕೊಡವನ್ನು ಬೋರಲು ಹಾಕಿದಳು. "ಕಾದು ಕಾದು ನಾನೇ ಕೊಂದೆ. ಎತ್ಕೊಂಡು ನಡೀರಿ" ಎಂದಳಂತೆ. ಅಂದಿನಿಂದ ಅದು ನೀರೆರೆದಕ್ಕನ ಬಂಡೆ.

ಈಗಲೂ ಬಸುರಿಯಿರುವ ಮನೆಯವರು ಇಲ್ಲಿಗೆ ಬಂದು, ಒಣ ಜರಿಗೆ ಒಂದು ಚೊಂಬು ನೀರೆರೆಯುತ್ತಾರೆ. ಎರೆದವರು ಅದು ಬಿಚ್ಚುವುದನ್ನು ನೋಡಲು ನಿಲ್ಲುವುದಿಲ್ಲ. ಬಿರಬಿರನೆ ಮನೆಯ ಕಡೆ ನಡೆಯುತ್ತಾರೆ. ಅವರ ಬೆನ್ನ ಹಿಂದೆ, ನೋಡುವವರಿಲ್ಲದೆ, ಬಂಡೆ ಹಸಿರಾಗುತ್ತದೆ.