ಒಂಟೆ ಇಳಿದ ಹಂಜಾರಾಣಿ

ಇತ್ತ ಬಾ, ತಲೆ ಇಲ್ಲಿಡು, ಕಾಲು ಒದೀಬೇಡ. ಏನು, ಸೆಕೆ ಅಂತೀಯಾ? ಇದೂ ಒಂದು ಸೆಕೆಯೇನೇ! ಸೆಕೆ ಅಂದ್ರೆ ಏನು ಅಂತ ಹೇಳ್ತೀನಿ ಕೇಳು.

ಒಂದಾನೊಂದು ಕಾಲ, ನಮ್ಮಜ್ಜಿಯ ಅಜ್ಜಿಗೂ ಅಜ್ಜಿ ಇನ್ನೂ ಹುಟ್ಟಿರದ ಕಾಲ, ಆಗ ಉತ್ತರದ ಕಡೆ ದೊಡ್ಡ ಮರಳುಗಾಡಿನ ನಟ್ಟನಡುವೆ ಮರಳುಕೋಟೆ ಅಂತ ಒಂದು ಪಟ್ಟಣ ಇತ್ತಂತೆ. ಸುತ್ತ ಎಲ್ಲಿ ನೋಡಿದ್ರೂ ಮರಳು, ನಡುವೆ ಹಳದಿ ಕಲ್ಲಿನ ಕೋಟೆ, ಕೋಟೆ ಒಳಗೆ ಒತ್ತೊತ್ತಾಗಿ ಮನೆಗಳು, ಊರಿಗೆಲ್ಲ ಒಂದೇ ಬಾವಿ. ಬೇಸಿಗೆ ಬಂತು ಅಂದ್ರೆ ಅಂಗಳದಲ್ಲಿಟ್ಟ ತಾಮ್ರದ ಚೊಂಬು ಮುಟ್ಟಿದ್ರೆ ಕೈ ಚುರ್ ಅಂತಿತ್ತಂತೆ, ಕಾಗೆಗಳು ಗೋಡೆ ನೆರಳಲ್ಲಿ ಬಾಯಿ ಕಳಕೊಂಡು ಕೂತಿರ್ತಿದ್ವಂತೆ. ಅಲ್ಲಿ ಮಳೆ ಅನ್ನೋದು ಅಪರೂಪ. ಆದ್ರೆ ಬೇಸಿಗೆ ಮುಗಿಯೋ ಹೊತ್ತಿಗೆ, ಬೆಳಗಿನ ಜಾವ, ದಕ್ಷಿಣದ ಕಡೆ, ಅಂದ್ರೆ ನಮ್ಮ ದಿಕ್ಕಿನಲ್ಲೇ, ಅಗಸ್ತ್ಯ ಅನ್ನೋ ನಕ್ಷತ್ರ ಮೂಡುತ್ತೆ. ಅದು ಕಂಡ್ರೆ ಗಾಳಿ ತಿರುಗುತ್ತೆ, ಉರಿ ಇಳಿಯುತ್ತೆ. ಇಡೀ ಊರು ಅದನ್ನೇ ಕಾಯ್ತಾ ಕೂತಿರ್ತಿತ್ತಂತೆ.

ಕಾಯೋದು ಊರಿನವರು ಮಾತ್ರ, ಅರಮನೆಯವರಲ್ಲ. ಬಿಸಿಲು ಏರೋಕೆ ಶುರುವಾದ್ರೆ ರಾಜ, ರಾಜನ ಮನೆಯವರು, ಮಂತ್ರಿಗಳು ಎಲ್ಲರೂ ಒಂಟೆ ಹತ್ತಿ ದೂರದ ತಣ್ಣನೆ ಬೆಟ್ಟಕ್ಕೆ ಹೋಗಿಬಿಡ್ತಿದ್ರು, ನಕ್ಷತ್ರ ಮೂಡಿದ ಮೇಲೆ ವಾಪಸು ಬರ್ತಿದ್ರು. ಅಜ್ಜ ಮುತ್ತಜ್ಜನ ಕಾಲದಿಂದ ಹಾಗೇ ನಡೆದು ಬಂದಿತ್ತು, ಯಾರೂ ಅದನ್ನ ತಪ್ಪು ಅಂತ ಅಂದ್ಕೊಂಡಿರಲಿಲ್ಲ.

ಆ ವರ್ಷ ಆ ಊರಿನ ರಾಜ ಜೇತಪಾಲ ಹೊಸದಾಗಿ ಮದುವೆಯಾಗಿದ್ದ. ಹೆಂಡತಿ ಹಂಜಾರಾಣಿ. ಹಂಜಾ ಅಂದ್ರೆ ಆ ಕಡೆ ಭಾಷೇಲಿ ಹಂಸ. ಹೆಸರಿಗೆ ತಕ್ಕ ಹಾಗೆ ಅವಳು ದೊಡ್ಡ ಹೊಳೆ ದಂಡೇಲಿ ಹುಟ್ಟಿ, ನೀರಲ್ಲೇ ಆಡಿ ಬೆಳೆದೋಳು. ಪಾಪ, ಹುಡುಗಿಗೆ ತೌರಿನ ನೆನಪಾಗುತ್ತೆ ಅಂತ ರಾಜ ಅವಳಿಗೋಸ್ಕರ ಅರಮನೆ ಹಿತ್ತಲಲ್ಲಿ ಒಂದು ಆಳವಾದ ಕೊಳ ತೋಡಿಸಿ, ಕಲ್ಲು ಕಟ್ಟಿಸಿ, ತಾವರೆ ಬೆಳೆಸಿದ್ದ. ಆ ನೀರನ್ನ ಅವಳೊಬ್ಬಳೇ ಮುಟ್ಟಬೇಕು. ಅಷ್ಟು ಪ್ರೀತಿ ಅವನಿಗೆ.

ಆಮೇಲೆ ಬೇಸಿಗೆ ಬಂತು, ಒಂಟೆಗಳು ಸಜ್ಜಾದವು, ರಾಣಿಯ ಒಂಟೆಗೆ ರೇಷ್ಮೆ ಜೂಲು ಹೊದಿಸಿ ಕೋಟೆ ಬಾಗಿಲ ತನಕ ಕರ್ಕೊಂಡು ಬಂದ್ರಂತೆ. ಊರವರೆಲ್ಲ ಕೈ ಮುಗಿದು ನಿಂತಿದ್ರು. ಅದರಲ್ಲಿ ಜಮನಿ ಅಂತ ಒಬ್ಬಳು ತುಂಬಿದ ಬಸುರಿ, ಪಕ್ಕದಲ್ಲಿ ಅವಳ ಅತ್ತೆ, ಧಾಪಜ್ಜಿ. ಧಾಪಜ್ಜಿ ಅಂದ್ರೆ ಊರೇ ಹೆದರ್ತಿತ್ತು, ಅಂಥಾ ಬಾಯಿ. ಜಮನಿ ರಾಣಿಯನ್ನ ನೋಡಿ ನಕ್ಕು, ತಾಯೀ, ನೀವು ವಾಪಸು ಬರೋ ಹೊತ್ತಿಗೆ ನನ್ನ ಮಡಿಲಲ್ಲಿ ಕೂಸಿರುತ್ತೆ, ನೋಡೋಕೆ ಬರ್ತೀರಲ್ಲ ಅಂದಳಂತೆ. ರಾಣಿ ಓಹೋ ಬರ್ತೀನಿ ಅನ್ನೋದರೊಳಗೆ ಧಾಪಜ್ಜಿ ಮೆಲ್ಲಗೆ, ಕೂಸು ಉಳಿದಿದ್ರೆ ನೋಡ್ತಾರೆ ಬಿಡೇ ಅಂದುಬಿಟ್ಟಳಂತೆ.

ರಾಣಿಗೆ ಆ ಮಾತು ಕೇಳಿಸ್ತು. ಯಾಕಜ್ಜಿ ಹಾಗಂತೀಯ ಅಂತ ಕೇಳಿದಳು. ಇನ್ನೇನು ಹೇಳಲಿ ತಾಯೀ, ಈ ಊರಲ್ಲಿ ಬೇಸಿಗೇಲಿ ಹುಟ್ಟಿದ ಕೂಸುಗಳು ಉಳಿಯಲ್ಲ, ನಾನೇ ಎರಡನ್ನ ಮರಳಿಗೆ ಕೊಟ್ಟಿದೀನಿ, ನೀವು ಹೊರಡಿ, ಬಿಸಿಲೇರುತ್ತೆ ಅಂದಳಂತೆ.

ಹಂಜಾರಾಣಿ ತಿರುಗಿ ಜಮನಿಯ ತುಂಬಿದ ಹೊಟ್ಟೆ ನೋಡಿದಳಂತೆ. ಆಮೇಲೆ ಒಂಟೆ ಮಲಗಿಸು ಅಂದಳು, ಇಳಿದಳು. ಜಮನಿ ಕೈ ಹಿಡಕೊಂಡು ಬಂದು ತನ್ನ ಒಂಟೆ ಮೇಲೆ ರೇಷ್ಮೆ ಜೂಲಿನ ಮೇಲೇ ಅವಳನ್ನ ಕೂರಿಸಿದಳು. ಊರಲ್ಲಿದ್ದ ಬಸುರಿಯರನ್ನೆಲ್ಲ ಕರೆಸಿ, ತನ್ನ ದಾಸಿಯರಿದ್ದ ಒಂಟೆಗಳನ್ನೂ ಖಾಲಿ ಮಾಡಿಸಿ, ಹತ್ತಿಸಿಬಿಟ್ಟಳು. ರಾಜ ಮುಂದೆ ಹೋಗಿದ್ದೋನು ತಿರುಗಿ ಬಂದು, ಏನಿದು ಹಂಜಾ, ನಿನಗೆ ಈ ಬಿಸಿಲು ಗೊತ್ತಿಲ್ಲ, ನೀನು ಎರಡು ದಿನ ತಡೆಯಲ್ಲ ಅಂದ. ಇವಳು, ನಾನು ತಡೀತೀನೋ ಇಲ್ಲವೋ ನೋಡೋಣ, ಇವರಂತೂ ತಡೆಯೋ ಹಾಗಿಲ್ಲ, ಜೋಪಾನವಾಗಿ ಕರ್ಕೊಂಡು ಹೋಗಿ ಅಂದಳಂತೆ. ಅಷ್ಟು ಜನರ ಮುಂದೆ ರಾಜ ಏನು ಮಾಡ್ತಾನೆ ಹೇಳು? ಮುಖ ಊದಿಸಿಕೊಂಡು ಹೊರಟ. ಬೆಟ್ಟ ಮುಟ್ಟಿದ ತಕ್ಷಣ ಒಂಟೆ ಕಳಿಸ್ತೀನಿ, ಆಗ ಬರಲೇಬೇಕು ಅಂತ ಹೇಳಿಯೇ ಹೋದ.

ಆಮೇಲೆ ಬಿಸಿಲು ಏರಿತು ನೋಡು. ರಾಜ ಹೇಳಿದ ಹಾಗೇ ಆಯ್ತು, ಎರಡನೇ ದಿನಕ್ಕೆ ರಾಣಿ ಮೂಗಲ್ಲಿ ರಕ್ತ ಬಂದು ಬಿದ್ದುಬಿಟ್ಟಳಂತೆ. ಧಾಪಜ್ಜಿ ಬಂದು ತಲೆಗೆ ಒದ್ದೆ ಬಟ್ಟೆ ಕಟ್ಟಿ, ಈರುಳ್ಳಿ ಜಜ್ಜಿ ಅಂಗಾಲಿಗೆ ಉಜ್ಜಿ, ಮಜ್ಜಿಗೆ ಕುಡಿಸಿ, ಅಯ್ಯೋ ಹೊಳೆ ದಂಡೆ ಹುಡುಗಿ, ಇಲ್ಲಿ ಬಿಸಿಲಿನ ಎದುರು ಸೆಟೆದು ನಿಲ್ಲಬಾರದು ಕಣೇ ಅಂತ ಬೈದು ಎಲ್ಲ ಹೇಳಿಕೊಟ್ಟಳಂತೆ. ಹಗಲು ನೆಲಮಾಳಿಗೇಲಿ ಮಲಗಬೇಕು, ಹೊತ್ತು ಇಳಿದ ಮೇಲೆ ಕೆಲಸ, ಬಾಯಾರೋಕೆ ಮುಂಚೇನೇ ಗುಟುಕು ಗುಟುಕಾಗಿ ನೀರು. ರಾಣಿ ಒಂದೊಂದೇ ಕಲಿತಳು. ಅರಮನೆ ಕೆಳಗೆ ಸರಸರ ಗಾಳಿಯಾಡೋ ದೊಡ್ಡ ನೆಲಮಾಳಿಗೆ ಇತ್ತಂತೆ, ಅದರ ಬೀಗ ತೆಗೆಸಿ ಮನೇಲಿ ನೆಲಮಾಳಿಗೆ ಇಲ್ಲದೋರನ್ನೆಲ್ಲ ಅಲ್ಲಿಗೆ ಕರೆದಳಂತೆ. ರಾಣಿ ಪಕ್ಕದಲ್ಲೇ ಕುಂಬಾರರು, ಅಗಸರು, ಅವರ ಮಕ್ಕಳು ಎಲ್ಲ ಸಾಲಾಗಿ ಮಲಗೋರು.

ಅಷ್ಟೊತ್ತಿಗೆ ಲೂಣ ಅನ್ನೋ ಒಂಟೆಯವನು ಬೆಟ್ಟದಿಂದ ಒಂಟೆಗಳ ಸಾಲು ಹೊಡಕೊಂಡು ಬಂದ. ರಾಜರ ಅಪ್ಪಣೆ, ರಾಣಿಯವರು ಹೊರಡಬೇಕು ಅಂದ. ಹಂಜಾರಾಣಿ ಮೊದಲು ಕೇಳಿದ್ದೇನು ಗೊತ್ತಾ? ಜಮನಿ ಹೇಗಿದಾಳೆ ಅಂತ. ಚೆನ್ನಾಗಿದಾಳೆ ತಾಯೀ, ಇನ್ನೂ ಹೆತ್ತಿಲ್ಲ ಅಂದ ಲೂಣ. ಸರಿ ಹಾಗಾದ್ರೆ ಅಂದವಳೇ ರಾಣಿ, ಊರಲ್ಲಿದ್ದ ಮುದುಕ ಮುದುಕಿಯರನ್ನ, ಎದೆ ಉಸಿರು ಕಟ್ಟೋರನ್ನ, ಎದ್ದು ಕೂರೋಕೆ ಆಗದೋರನ್ನ ಹತ್ತಿಸಿ ಕಳಿಸಿಬಿಟ್ಟಳಂತೆ. ಧಾಪಜ್ಜಿಯನ್ನೂ ಹತ್ತು ಅಂದ್ರೆ ಅವಳು ಹತ್ತಲೇ ಇಲ್ಲ. ನಾನು ಹೋದ್ರೆ ನಿನ್ನನ್ನ ಬೈಯೋರು ಯಾರು ಅಂದಳಂತೆ!

ಏನು, ಒಂಟೆಗೆ ಬಾಯಾರಲ್ವಾ ಅಂತೀಯಾ? ಬಾಯಾರುತ್ತೆ ಕಣೇ, ಆದ್ರೆ ತುಂಬಾ ದಿನ ತಡ್ಕೊಳ್ಳುತ್ತೆ. ನಿನ್ನ ಹಾಗಲ್ಲ, ಮಲಗೋಕೆ ಮುಂಚೆ ಮೂರು ಸಲ ನೀರು ಕೇಳಲ್ಲ.

ಆಮೇಲೆ ಏನಾಯ್ತು ಅಂದ್ರೆ, ಬಾವಿ ನೀರು ಇಳೀತಾ ಬಂತು. ಹಗ್ಗಕ್ಕೆ ಹಗ್ಗ ಗಂಟು ಹಾಕಿದ್ರು, ಬರೀ ಕೆಸರು ಬಂತು. ಗಂಡಸರೆಲ್ಲ ಗುಂಪು ಸೇರಿ, ಇಲ್ಲಿ ಕೂತು ಸಾಯೋ ಬದಲು ನಡಕೊಂಡೇ ಬೆಟ್ಟಕ್ಕೆ ಹೋಗೋಣ, ಮಕ್ಕಳನ್ನ ಹೆಗಲ ಮೇಲೆ ಹಾಕ್ಕೊಳ್ಳೋಣ ಅಂತ ಕೋಟೆ ಬಾಗಿಲಿಗೆ ಬಂದ್ರಂತೆ. ಆ ಮರಳಲ್ಲಿ ನಡೆದು ಬದುಕಿದೋರು ಯಾರೂ ಇಲ್ಲ. ರಾಣಿ ಓಡಿ ಬಂದು ಬಾಗಿಲಿಗೆ ಅಡ್ಡ ನಿಂತಳು. ಬೀಗ ಹಾಕಿಸಲಿಲ್ಲ, ಕಾವಲಿನವರನ್ನ ಕರೀಲಿಲ್ಲ. ಹೋಗೋ ಮುಂಚೆ ಒಂದು ಸಲ ನನ್ನ ಹಿತ್ತಲಿಗೆ ಬನ್ನಿ, ಆಮೇಲೂ ಹೋಗಬೇಕು ಅನ್ನಿಸಿದ್ರೆ ನಾನೂ ನಿಮ್ಮ ಜೊತೆ ನಡೀತೀನಿ ಅಂದಳು. ಕರ್ಕೊಂಡು ಹೋಗಿ ತನ್ನ ತಾವರೆ ಕೊಳ ತೋರಿಸಿದಳು. ಇದು ಇವತ್ತಿಂದ ಊರಿನದು, ಮಿತವಾಗಿ ಕುಡಿದ್ರೆ ನಕ್ಷತ್ರ ಮೂಡೋ ತನಕ ಬರುತ್ತೆ ಅಂದಳಂತೆ. ತಾನೇ ಸೀರೆ ಎತ್ತಿ ಕಟ್ಟಿ, ನೀರಿಗಿಳಿದು, ತಾವರೆ ಬಳ್ಳಿಗಳನ್ನೆಲ್ಲ ಬುಡಸಮೇತ ಕಿತ್ತು ದಡಕ್ಕೆ ಹಾಕಿ, ಮೊದಲ ಕೊಡ ತುಂಬಿ ಕೊಟ್ಟಳಂತೆ. ಗಂಡಸರು ತಲೆ ತಗ್ಗಿಸಿ ಮನೆಗೆ ಹೋದ್ರು.

ಅಲ್ಲಿಂದ ದಿನಾ ಹೊತ್ತು ಇಳಿದ ಮೇಲೆ ರಾಣಿಯೇ ಕೊಳದ ಮೆಟ್ಟಿಲಲ್ಲಿ ನಿಂತು ನೀರು ಹಂಚೋಳು. ಎಲ್ಲರಿಗೂ ಕೊಟ್ಟ ಮೇಲೆ ತನ್ನ ಕೊಡ. ಒಂದು ದಿನವೂ ಮೊದಲು ತುಂಬಿಕೊಳ್ಳಲಿಲ್ಲವಂತೆ. ಎಂಥಾ ಹೆಣ್ಣು ನೋಡು ಮಗಾ! ಅರಮನೆಯೋಳು ಅಂತ ಹೇಳೋಕೆ ಮೈ ಮೇಲೆ ಏನೂ ಉಳಿದಿರಲಿಲ್ಲ, ಬಿಸಿಲಿಗೆ ಕಪ್ಪಾಗಿ, ಸೊರಗಿ, ಕೊಡ ಎತ್ತಿ ಎತ್ತಿ ಅಂಗೈಯೆಲ್ಲ ಬೊಬ್ಬೆ.

ಅತ್ತ ಬೆಟ್ಟದಲ್ಲಿ ರಾಜನಿಗೆ ಕೋಪ. ಒಂಟೆ ಕಳಿಸಿದ್ರೆ ಯಾರೋ ಮುದುಕರು ಬಂದ್ರು, ಹೆಂಡತಿ ಬರಲಿಲ್ಲ. ಈ ಸಲ ತಾನೇ ಹೊರಟ. ಕಟ್ಟಿ ಹಾಕಿಯಾದ್ರೂ ತರ್ತೀನಿ ಅಂದ್ಕೊಂಡು ಆ ಉರಿ ಬಿಸಿಲಲ್ಲಿ ಮರಳು ದಾಟಿ, ನಾಲಗೆ ಒಣಗಿ, ಮೈ ಬೆಂದು, ಲೂಣನನ್ನೂ ಒಂಟೆಗಳ ಸಾಲನ್ನೂ ಕರ್ಕೊಂಡು ಊರು ಮುಟ್ಟಿದ. ಅರಮನೇಲಿ ಹುಡುಕಿದ, ಕಾಣಲಿಲ್ಲ. ಹಿತ್ತಲಿಗೆ ಬಂದು ನೋಡ್ತಾನೆ, ಅವನು ಅಷ್ಟು ಆಸೆಯಿಂದ ಮಾಡಿಸಿದ ಕೊಳದಲ್ಲಿ ಒಂದು ತಾವರೆಯಿಲ್ಲ, ಮೆಟ್ಟಿಲ ತುಂಬಾ ಕೆಸರು, ಕೊಡ, ಗಡಿಗೆ, ಒಂದು ಕಡೆ ಮೇಕೆಗಳು ಬೇರೆ! ಸಿಟ್ಟು ನೆತ್ತಿಗೇರಿತು. ಅಲ್ಲಿ ನೀರು ಹಂಚ್ತಿದ್ದ ಬಡಕಲು ಹೆಂಗಸಿನ ಹತ್ತಿರ ಹೋಗಿ, ಏಯ್, ರಾಣಿ ಎಲ್ಲಿ ಅಂತ ಕೂಗಿದ.

ಆ ಹೆಂಗಸು ತಲೆ ಎತ್ತಿ ನೋಡಿ, ಬಹಳ ದೂರದಿಂದ ಬಂದಿದೀರ, ತುಟಿ ಒಡೆದಿದೆ, ಮೊದಲು ನೀರು ಕುಡೀರಿ ಅಂತ ಚೊಂಬು ಚಾಚಿದಳು.

ಧ್ವನಿ ಕೇಳಿದ್ದೇ ರಾಜನಿಗೆ ಗೊತ್ತಾಯ್ತು. ಚೊಂಬು ಹಿಡಿದ ಕೈ ನೋಡಿದ, ಬೊಬ್ಬೆ ನೋಡಿದ. ಅಲ್ಲೇ ಕೆಸರಲ್ಲೇ ಕೂತುಬಿಟ್ಟ. ಕೊನೆಗೆ, ಬಾ ಹಂಜಾ, ನಿನ್ನ ಕಾಲಿಗೆ ಬೀಳ್ತೀನಿ, ಹೋಗೋಣ ಅಂದ. ಅವಳು ಮೆತ್ತಗೆ, ಜ್ವರ ಬಂದ ಮಕ್ಕಳಿದಾವೆ, ಅವರನ್ನ ಅವರ ತಾಯಂದಿರ ಜೊತೆ ಇದೇ ಒಂಟೆಗಳಲ್ಲಿ ಕಳಿಸೋಣ, ನಿಮ್ಮ ಒಂಟೆ ಒಂದು ಉಳಿಯುತ್ತೆ, ನೀವು ಅದರಲ್ಲಿ ಹೋಗಿ ಅಂದಳು. ಮತ್ತೆ ನೀನು ಅಂದ ರಾಜ. ನಾನು ಇವರ ಜೊತೆ ಕಾಯ್ತೀನಿ ಅಂದಳು.

ರಾಜ ಎದ್ದು, ತನ್ನ ಒಂಟೆಯ ಹಗ್ಗವನ್ನ ಲೂಣನ ಕೈಗೆ ಕೊಟ್ಟು, ಇದರ ಮೇಲೂ ಇಬ್ಬರು ಮಕ್ಕಳು ಕೂರ್ತಾರೆ, ಕರ್ಕೊಂಡು ಹೋಗು ಅಂದನಂತೆ.

ಮರುದಿನವೇ ಬಿಸಿಲಿಗೆ ರಾಜ ಬಿದ್ದ. ಧಾಪಜ್ಜಿ ಅವನ ಅಂಗಾಲಿಗೂ ಈರುಳ್ಳಿ ಉಜ್ಜಿ, ರಾಜ ಅಂತಾನೂ ನೋಡದೆ ಬೈದಳಂತೆ. ಎದ್ದ ಮೇಲೆ ಅವನೂ ಕೊಡ ಹಿಡಿದ. ಕೊಳದ ನೀರು ಒಂದೊಂದೇ ಮೆಟ್ಟಿಲು ಇಳೀತಾ ಇತ್ತು. ದಿನಾ ಬೆಳಗಿನ ಜಾವ ಮಾಳಿಗೆ ಹತ್ತಿ ದಕ್ಷಿಣ ನೋಡೋರು, ಧೂಳು ಬಿಟ್ರೆ ಏನೂ ಕಾಣ್ತಿರಲಿಲ್ಲ. ಜನ ರಾಣಿಯ ಮುಖ ನೋಡೋರು. ಅವಳು, ಇವತ್ತಿಲ್ಲ, ನಾಳೆ ನೋಡೋಣ ಬನ್ನಿ ಅನ್ನೋಳು, ಅಷ್ಟೇ. ಅವಳ ಎದೆಯೊಳಗೆ ಎಷ್ಟು ಭಯ ಇತ್ತೋ ಯಾರಿಗೆ ಗೊತ್ತು, ಮುಖದಲ್ಲಂತೂ ತೋರಿಸಲಿಲ್ಲ. ಕೊಳದ ತಳದ ಕಲ್ಲು ಕಾಣೋಕೆ ಶುರುವಾಯ್ತು. ಅದಾದ ಮೇಲೆ ಒಂದು ಬೆಳಗಿನ ಜಾವ ರಾಜನೇ ಕೂಗಿದನಂತೆ, ಹಂಜಾ, ಅಗೋ, ಅಲ್ಲಿ ಅಂತ. ದಿಬ್ಬದ ಅಂಚಲ್ಲಿ, ಒಂದು ಹನಿ ಹಾಗೆ, ನಡುಗ್ತಾ ಇತ್ತಂತೆ ನಕ್ಷತ್ರ. ಊರನ್ನೇ ಬೈಯೋ ಧಾಪಜ್ಜಿ ರಾಣಿಯನ್ನ ತಬ್ಬಿಕೊಂಡು ಗಳಗಳ ಅತ್ತುಬಿಟ್ಟಳು.

ಆಮೇಲೆ ಗಾಳಿ ತಿರುಗ್ತು. ತಣ್ಣಗೆ, ಹಿತವಾಗಿ ಬೀಸೋಕೆ ಶುರುವಾಯ್ತು. ಕೆಸರಾಗಿದ್ದ ಬಾವೀಲಿ ಮೆಲ್ಲಗೆ ನೀರು ಒಸರ್ತು.

ಬೆಟ್ಟಕ್ಕೆ ಹೋದೋರಿಗೂ ನಕ್ಷತ್ರ ಕಂಡಿತ್ತಲ್ಲ, ಅವರೆಲ್ಲ ಒಂಟೆ ಹತ್ತಿ ಬಂದ್ರು. ಬಂದು ನೋಡ್ತಾರೆ, ಹಾಡು ಹಗಲು, ಕೋಟೆ ಬಾಗಿಲು ಹಾರು ಹೊಡೆದಿದೆ, ಒಳಗೆ ಒಂದು ಸದ್ದಿಲ್ಲ! ಎಲ್ಲರೂ ಅವಸರದಲ್ಲಿ ಒಂಟೆ ಮಲಗಿಸಿದ್ರು. ಜಮನಿ ಅಂತೂ ಒಂಟೆ ಮಲಗೋ ತನಕವೂ ಕಾಯದೆ ಹಾರಿ, ಮಡಿಲಲ್ಲಿದ್ದ ಕೂಸನ್ನ ಅವಚಿಕೊಂಡು, ಅತ್ತೇ, ತಾಯೀ ಅಂತ ಓಡಿದಳು. ಬೀದೀಲಿ ಜನ ಬಿದ್ದಿದ್ರು, ಜಗಲಿ ಮೇಲೆ ಬಿದ್ದಿದ್ರು. ಹತ್ತಿರ ಹೋಗಿ ಬಗ್ಗಿ ನೋಡಿದ್ರೆ, ಗೊರ್ ಗೊರ್ ಅಂತ ಗೊರಕೆ! ಇಡೀ ಬೇಸಿಗೆ ಸರಿಯಾಗಿ ಕಣ್ಣು ಮುಚ್ಚದ ಊರು ತಂಗಾಳಿಗೆ ಬಿದ್ದಲ್ಲೇ ನಿದ್ದೆ ಹೋಗಿತ್ತು. ರಾಜ ಗಡಿಗೆಗೆ ತಲೆ ಕೊಟ್ಟು ಮಲಗಿದ್ದ. ಕೊಳದ ಮೆಟ್ಟಿಲಲ್ಲಿ ಧಾಪಜ್ಜಿ, ಅವಳ ತೊಡೆ ಮೇಲೆ ಹಂಜಾರಾಣಿ, ಇಬ್ಬರಿಗೂ ಲೋಕದ ಅರಿವಿಲ್ಲ.

ಜಮನಿಗೆ ಅವರನ್ನ ಎಬ್ಬಿಸೋಕೆ ಮನಸ್ಸು ಬರಲಿಲ್ಲ, ಬಾಯಿಗೆ ಸೆರಗು ಹಿಡಕೊಂಡು ಅಳ್ತಾ ನಿಂತಳು. ಆದ್ರೆ ಕೂಸಿಗೆ ಹಸಿವಾಗಿತ್ತು ನೋಡು, ಕಿಟಾರ್ ಅಂತ ಕಿರುಚಿತು! ಏನು ಗಂಟಲು ಅಂತೀಯ, ಇಡೀ ಕೋಟೆ ಎದ್ದು ಕೂತುಬಿಟ್ಟಿತಂತೆ. ಹಂಜಾರಾಣಿ ಕಣ್ಣು ಉಜ್ಜಿಕೊಂಡು ನೋಡಿದಳು, ಬೊಬ್ಬೆ ಬಿದ್ದ ಎರಡೂ ಕೈ ಚಾಚಿದಳು, ಜಮನಿ ಕೂಸನ್ನ ಆ ಕೈಗೆ ಹಾಕಿದಳು.

ಆ ಮೇಲಿನ ಬೇಸಿಗೆಗಳಲ್ಲೂ ಒಂಟೆಗಳು ಬೆಟ್ಟಕ್ಕೆ ಹೋಗ್ತಿದ್ವು. ಮೊದಲು ಬಸುರಿಯರು, ಆಮೇಲೆ ಮುದುಕರು, ಆಮೇಲೆ ಮಕ್ಕಳು. ರಾಜ ರಾಣಿ ಊರಲ್ಲೇ ಇರ್ತಿದ್ರು, ಬಾಳ್ಕೊಂಡು ಚೆನ್ನಾಗಿದ್ರು. ಅಲ್ಲಿ ಬಿಸಿಲು ಇಳೀತು, ಇಲ್ಲಿ ನನ್ನ ಕತೆಯೂ ಇಳೀತು. ಮಲಕ್ಕೋ ಮಗಾ.