ಹಾರೆ ಇಳಿಯದ ಹೊಲ

ಪರಮಪೂಜ್ಯ ಗುರುಶಾಂತಯ್ಯ ಅಜ್ಜನವರು ಕೃಷ್ಣಾ ತೀರದ ತೋರಣಗೇರಿಯಲ್ಲಿ ಮೂವತ್ತು ವರ್ಷ ನೆಲೆಸಿದ್ದರು. ಮಠವೆಂದರೆ ಎರಡು ಅಂಕಣದ ಮಣ್ಣಿನ ಮನೆ, ಹಿಂದೆ ಒಂದು ತಿಪ್ಪೆ. ಬೆಳಗಿನ ಲಿಂಗಪೂಜೆ ಮುಗಿದ ಮೇಲೆ ಬಾಡಿದ ಪತ್ರಿ, ಹೂವು, ಆಕಳ ಸಗಣಿ ಎಲ್ಲವನ್ನೂ ತಾವೇ ಬುಟ್ಟಿಯಲ್ಲಿ ಹೊತ್ತು ಆ ತಿಪ್ಪೆಗೆ ಹಾಕುತ್ತಿದ್ದರು. ಹಾವು ಕಡಿದವರನ್ನು ಅವರು ಬದುಕಿಸಿದರೆಂದು ಹೇಳುವವರಿದ್ದಾರೆ. ನಾನು ಅದನ್ನು ಕಂಡಿಲ್ಲ, ಆದ್ದರಿಂದ ಹೇಳುವುದೂ ಇಲ್ಲ. ಕಣ್ಣಾರೆ ಕಂಡದ್ದು ಇದು.

ನಮ್ಮ ಕಡೆ ಕಬ್ಬು ಕಡಿದ ಮೇಲೆ ಹೊಲದ ತುಂಬ ಒಣಗರಿ ಉಳಿಯುತ್ತದೆ. ಅದಕ್ಕೆ ರವದಿ ಎನ್ನುತ್ತೇವೆ. ಕಡ್ಡಿ ಗೀರಿದರೆ ಒಂದು ತಾಸಿನಲ್ಲಿ ಹೊಲ ಚೊಕ್ಕಟ. ಊರೆಲ್ಲ ಹೀಗೇ ಮಾಡುತ್ತಿತ್ತು. ನಾನೂ ಮಾಡಿದ್ದೇನೆ, ಸುಳ್ಳೇಕೆ ಹೇಳಲಿ? “ರವದಿ ಸುಟ್ಟರ ನೆಲದ ಕಸುವು ಹೊಗಿ ಜೋಡಿ ಹೋಗತೈತಿ” ಎಂದು ಅಜ್ಜನವರು ಹೇಳಿದಾಗ ಭಕ್ತಿಯಿಂದ ಕೈಮುಗಿದು, ಮನೆಗೆ ಬಂದು ಕಡ್ಡಿಪೆಟ್ಟಿಗೆ ಹುಡುಕುತ್ತಿದ್ದೆವು. ಎಂಟೆಕರೆ ಕಬ್ಬಿನ ಒಡೆಯ ದುಂಡಪ್ಪ ಕೈಯನ್ನೂ ಮುಗಿಯುತ್ತಿರಲಿಲ್ಲ. “ಒಂದು ಗುಂಟೆ ನೆಲ ಇಲ್ಲದವರು ನನಗ ಒಕ್ಕಲತನ ಕಲಸಾಕ ಬಂದಾರ” ಎಂದು ಕಟ್ಟೆಯ ಮೇಲೆ ಕೂತು ನಗುತ್ತಿದ್ದ.

ಒಂದು ವರ್ಷ ಮಾಘದಲ್ಲಿ ದುಂಡಪ್ಪ ಮಧ್ಯಾಹ್ನದ ಹೊತ್ತು ಹೊಲಕ್ಕೆ ಬೆಂಕಿ ಇಟ್ಟ. ಹೊಲದ ಮೂಲೆಯಲ್ಲಿ ಅವನ ತಂದೆಯನ್ನು ಮಣ್ಣು ಮಾಡಿದ ಗದ್ದುಗೆ, ಅದರ ಮೇಲೆ ಬೇವಿನ ಮರ, ಸುತ್ತ ಹುಲ್ಲು. ತಾಯಿ ನೀಲವ್ವನವರು ಆ ಜಾಗಕ್ಕೆ ನೇಗಿಲೂ ಬೆಂಕಿಯೂ ತಾಗದಂತೆ ಇಪ್ಪತ್ತು ವರ್ಷ ಕಾದಿದ್ದರು. ಗಾಳಿ ಅತ್ತ ತಿರುಗಿದ್ದನ್ನು ಕಂಡು ಕೊಡ ಹೊತ್ತು ಓಡಿದರು. ಹೊಗೆಯಲ್ಲಿ ಯಾರಿಗೂ ಕಾಣಲಿಲ್ಲ. ಬೆಂಕಿ ಆರಿದ ಮೇಲೆ ಗದ್ದುಗೆಯಿಂದ ಹತ್ತು ಹೆಜ್ಜೆ ಈಚೆ ಅವರ ಹೆಣ ಸಿಕ್ಕಿತು. ಸುತ್ತಲಿನ ರವದಿಯನ್ನು ಕೈಯಿಂದಲೇ ಎಳೆದುಹಾಕಿದ್ದರಿಂದ ಗದ್ದುಗೆ ಮಾತ್ರ ಸುಟ್ಟಿರಲಿಲ್ಲ.

ಮರುದಿನ ಬೆಳಿಗ್ಗೆ ಕ್ರಿಯೆ ನಡೆಸಲು ಅಜ್ಜನವರು ಬರಿಗಾಲಲ್ಲಿ ಬಂದರು. ದುಂಡಪ್ಪ ಅವರ ಮುಖ ನೋಡಲಿಲ್ಲ. ಅವ್ವನನ್ನು ಹೊಲದ ನಟ್ಟನಡುವೆ, ಒಳ್ಳೆಯ ನೆಲದಲ್ಲೇ ಇಡಬೇಕೆಂದು ಹಟ ಹಿಡಿದ. ಬೆಂಕಿ ಇಟ್ಟವನಿಗೆ ಆ ಮೂಲೆಯತ್ತ ಹೋಗುವ ಧೈರ್ಯವಿರಲಿಲ್ಲ, ಅಷ್ಟೇ. ನಾವು ನಾಲ್ವರು ಅಗೆಯತೊಡಗಿದೆವು. ಬೂದಿ ಬೆರೆತ ಮಣ್ಣು ಒಂದು ಗೇಣು ಸರಿದ ಮೇಲೆ ಹಾರೆ ಠಣ್ ಎಂದಿತು. ಕಲ್ಲಲ್ಲ, ಮಣ್ಣೇ! ವರ್ಷವರ್ಷವೂ ಸುಟ್ಟು, ಅದರ ಮೇಲೆ ಟ್ರ್ಯಾಕ್ಟರ್ ಓಡಿಸಿ ಓಡಿಸಿ ಹಾಸುಗಲ್ಲಿನಂತಾಗಿದ್ದ ಮಣ್ಣು. ಒಂದು ಎರೆಹುಳವಿಲ್ಲ. ಬಿಸಿಲೇರಿತು, ಅಂಗೈಯಲ್ಲಿ ಬೊಬ್ಬೆ ಎದ್ದವು, ಕುಣಿ ಮೊಣಕಾಲಿನ ಆಳಕ್ಕೂ ಬರಲಿಲ್ಲ. ಆ ತಾಯಿಯ ಹೆಣ ಬಿಸಿಲಲ್ಲಿ ಕಾಯುತ್ತ ಕೂತಿತ್ತು. ಅಂಥ ನಾಚಿಕೆ ನನಗೆ ಜನ್ಮದಲ್ಲಿ ಆಗಿಲ್ಲ.

ಅಜ್ಜನವರು ಮೂಲೆಗೆ ನಡೆದು, ಗದ್ದುಗೆಯ ಪಕ್ಕ ಕುಳಿತು ಬರಿಗೈಯಿಂದ ನೆಲ ಕೆದಕಿದರು. ಕೈ ಮಣಿಕಟ್ಟಿನವರೆಗೆ ಇಳಿಯಿತು. ಇಪ್ಪತ್ತು ವರ್ಷದ ಬೇವಿನೆಲೆ, ಹುಲ್ಲು ಕೊಳೆತು ಬೆರೆತ ಮಣ್ಣು, ಕಪ್ಪಗೆ, ತಣ್ಣಗೆ. ಅದರೊಳಗೆ ಎರೆಹುಳುಗಳು ಮಿಸುಕುತ್ತಿದ್ದವು. ಕೃಷಿ ಇಲಾಖೆಯವರು ಸಾವಯವ ಇಂಗಾಲ ಎಂದು ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಬರೆದುಕೊಡುವುದನ್ನೇ ಅಜ್ಜನವರು ಕಸುವು ಎನ್ನುತ್ತಿದ್ದರೆಂದು ನನಗೆ ಆಮೇಲೆ ತಿಳಿಯಿತು. ಅವರು ಆ ಮಣ್ಣನ್ನು ಬೊಗಸೆ ತುಂಬ ತಂದು ದುಂಡಪ್ಪನ ಕೈಗೆ ಸುರಿದರು.

“ನಿನ್ನ ಹೊಲದಾಗ ಇದೊಂದೇ ಜೀವಂತ ಉಳದೈತಿ. ನಿಮ್ಮವ್ವ ಕಾದದ್ದು ಇದನ್ನ.”

ದುಂಡಪ್ಪ ಬೂದಿಯಲ್ಲೇ ಕುಸಿದು ಅವರ ಕಾಲು ಹಿಡಿದ. “ನಮ್ಮವ್ವನ್ನ ನಾನೇ ಸುಟ್ಟೇನ್ರಿ ಅಜ್ಜಾರ. ಏನು ಪ್ರಾಯಶ್ಚಿತ್ತ, ಹೇಳ್ರಿ.”

ಸಮಾಧಾನದ ಮಾತು ಬರುವುದೆಂದು ಕಾದೆವು. ಬರಲಿಲ್ಲ.

“ಹೌದು, ನೀನೇ ಸುಟ್ಟಿ” ಎಂದರು ಅಜ್ಜನವರು. “ಎಂಟೆಕರೆನೂ ಈ ಮಣ್ಣಿನಂಗ ಮಾಡು.”

ನೀಲವ್ವನವರನ್ನು ಪತಿಯ ಮಗ್ಗುಲಲ್ಲೇ ಸಮಾಧಿ ಮಾಡಿದೆವು. ಅಲ್ಲಿ ಕುಣಿ ತೋಡಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ಅದಾಗಿ ಹದಿನಾಲ್ಕು ವರ್ಷ. ಅಜ್ಜನವರೂ ಲಿಂಗೈಕ್ಯರಾದರು. ದುಂಡಪ್ಪ ಅಂದಿನಿಂದ ರವದಿಯನ್ನು ಸಾಲಿನಲ್ಲೇ ಹಾಸಿ ಕೊಳೆಸುತ್ತಾನೆ, ಹಸಿರುಗೊಬ್ಬರಕ್ಕೆಂದು ಸೆಣಬು ಬಿತ್ತಿ ಹೂವಾಡುವ ಮುಂಚೆ ಮಣ್ಣಿಗೆ ಸೇರಿಸುತ್ತಾನೆ. ಮೊದಲ ಎರಡು ಬೆಳೆ ಸೊರಗಿದಾಗ ಊರು ನಕ್ಕಿತು. ಅವನು ಮತ್ತೆ ರವದಿಯನ್ನೇ ಹಾಸಿದ. ತಾಯಿಯ ಪುಣ್ಯತಿಥಿಗೆ ಹೊಲದ ನಡುವೆ ನಿಂತು ಹಾರೆ ಊರಿ ನೋಡುತ್ತಾನೆ. ಅಂದು ಒಂದು ಗೇಣಿಗೆ ನಿಂತಿದ್ದ ಹಾರೆ ಈ ವರ್ಷ ಎರಡು ಗೇಣಿಗೆ ನಿಂತಿತು. ಹದಿನಾಲ್ಕು ವರ್ಷದ ದುಡಿಮೆಗೆ ಒಂದು ಗೇಣು.

ಹಾರೆ ಕಿತ್ತು, ಅದರ ತುದಿಯ ಮಣ್ಣನ್ನು ಬೆರಳಿಂದ ಒರೆಸಿ ಅಲ್ಲೇ ಹಾಕಿದ.

“ನಾ ಸತ್ತರ ನನ್ನ ಇಲ್ಲೇ ಇಡ್ರಿ, ಅವ್ವನ ಮಗ್ಗಲ ಬ್ಯಾಡ” ಎಂದ. “ಆ ಮಣ್ಣಿಗಿ ನನ್ನ ಜರೂರಿಲ್ಲ. ಈ ಮಣ್ಣಿಗಿ ಐತಿ.”